ಎಲೆ ಉದುರುವ ಕಾಲಕ್ಕೊಂದು ಶಾರ್ಕ್ಯುಟರಿ ಹಲಗೆ

ಹೋದ ಅಕ್ಟೋಬರಿನಲ್ಲಿ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಮದುವೆಯಾಗಿ ಬಾಸ್ಟನ್ ಹತ್ತಿರಕ್ಕೆ ಬಂದು ಆಗಿನ್ನೂ ಒಂದು ವರ್ಷ. "ಅಕ್ಕಾ, ಶನಿವಾರ ಸಂಜೆ ನಮ್ಮ ಆಫೀಸಿನವರು ಎಂಟು ಜನ ಮನೆಗೆ ಬರ್ತಿದಾರೆ. ಫಾಲ್ ಶಾರ್ಕ್ಯುಟರಿ ಬೋರ್ಡ್ ಮಾಡ್ತೀನಿ ಅಂತ ಬಾಯಿ ತಪ್ಪಿ ಹೇಳ್ಬಿಟ್ಟಿದೀನಿ. ಫೋಟೋ ನೋಡಿದ್ರೆ ತಲೆ ತಿರುಗತ್ತೆ. ಕುಂಬಳಕಾಯಿ, ಒಣಗಿದ ಎಲೆ, ಮಾಂಸದಲ್ಲಿ ಮಾಡಿದ ಗುಲಾಬಿ ಹೂವು! ಇದಕ್ಕೇನಾದ್ರೂ ಲೆಕ್ಕ ಇದೆಯಾ, ಇಲ್ಲ ಸಿಕ್ಕಿದ್ದೆಲ್ಲ ಸುರಿದ್ರೆ ಆಯ್ತಾ?"

"ಲೆಕ್ಕ ಇದೆ" ಅಂದೆ. ಬಾಳೆಎಲೆ ಹಾಕಿದಾಗ ಎಡತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ ಬರುವುದು ಆಮೇಲೆ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ, ಬಡಿಸುತ್ತ ಬಡಿಸುತ್ತ ಕೈಗೆ ಬಂದದ್ದು. ಮಾಂಸ, ಚೀಸ್, ಹಣ್ಣು ಜೋಡಿಸಿಡುವ ಈ ಹಲಗೆಗೂ ಅಂಥದೊಂದು ಕ್ರಮವಿದೆ, ಆದರೆ ಅದು ಫೋಟೋದಲ್ಲಿ ಕಾಣುವುದಿಲ್ಲ. ಈ ಮಾಂಸ, ಈ ಚೀಸ್, ಈ ಹಣ್ಣು ಎಲ್ಲವೂ ಚಳಿಗಾಲಕ್ಕೆ ಮುಂಚಿನ ಎರಡು ತಿಂಗಳಲ್ಲೇ ಯಾಕೆ ಬಂದು ಸೇರುತ್ತವೆ ಎನ್ನುವುದು ತಿಳಿದರೆ ಉಳಿದದ್ದು ಸಲೀಸು. ಅವತ್ತು ಫೋನಿನಲ್ಲಿ ಅವಳಿಗೆ ಒಂದು ಗಂಟೆ ಕೊರೆದದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.

ನಮ್ಮ ಬೇಸಿಗೆ, ಅವರ ಶರತ್ಕಾಲ

ಮೊದಲು ಹೆಸರು. ಶಾರ್ಕ್ಯುಟರಿ ಫ್ರೆಂಚ್ ಮಾತು. ಮಾಂಸ, ಬೇಯಿಸಿದ್ದು ಎನ್ನುವ ಎರಡು ಪದ ಅದರೊಳಗೆ ಅಂಟಿಕೊಂಡಿವೆ. 15ನೇ ಶತಮಾನದ ಪ್ಯಾರಿಸ್ಸಿನಲ್ಲಿ ಹಂದಿಮಾಂಸವನ್ನು ಬೇಯಿಸಿ ಮಾರುವ ಕಸುಬಿನವರಿಂದ ಬಂದ ಹೆಸರು ಇದು. ಫ್ರಾನ್ಸಿನಲ್ಲಿ ಇವತ್ತಿಗೂ ಶಾರ್ಕ್ಯುಟರಿ ಎಂದರೆ ಹದ ಮಾಡಿದ ಮಾಂಸ, ಇಲ್ಲವೇ ಅದನ್ನು ಮಾರುವ ಅಂಗಡಿ, ಅಷ್ಟೇ. ಚೀಸ್, ಹಣ್ಣು, ಬೀಜ, ಬಿಸ್ಕತ್ತು ಎಲ್ಲ ಹೇರಿದ ಇಡೀ ಹಲಗೆಯನ್ನೇ ಆ ಹೆಸರಿನಿಂದ ಕರೆಯುವುದು ಅಮೆರಿಕದವರ ರೂಢಿ. ಇಲ್ಲಿ ಮಾಂಸವೇ ಇಲ್ಲದ ಹಲಗೆಯೂ ಶಾರ್ಕ್ಯುಟರಿಯೇ. ಇರಲಿ, ನಮ್ಮಲ್ಲೂ ಅಕ್ಕಿ, ಉದ್ದು ಎರಡೂ ಇಲ್ಲದ ರವೆ ಇಡ್ಲಿ ಇಡ್ಲಿಯೇ ಆಗಿದೆಯಲ್ಲ.

ಈಗ ಕಾಲ. ನಾವು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಮಾಡಿಡುವುದು, ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿ ತುಂಬುವುದು ಬೇಸಿಗೆಯಲ್ಲಿ. ಕರಾವಳಿಯವರು ಮಳೆಗಾಲಕ್ಕೆಂದು ಮೀನು ಒಣಗಿಸುವುದೂ ಆಗಲೇ. ಉಪ್ಪು ಮತ್ತು ಬಿಸಿಲು ಸೇರಿ ನೀರು ಹೀರಿಬಿಟ್ಟರೆ ಮಳೆಗಾಲ ದಾಟಬಹುದು ಎನ್ನುವ ಲೆಕ್ಕ. ಯುರೋಪಿನ ರೈತನ ಎದುರು ಇದ್ದದ್ದು ಮಳೆಗಾಲವಲ್ಲ, ಚಳಿಗಾಲ. ನವೆಂಬರ್ ಹೊತ್ತಿಗೆ ಹುಲ್ಲು ಮುಗಿಯುತ್ತದೆ. ಓಕ್ ಮರದ ಕಾಯಿ ತಿಂದು ಕೊಬ್ಬಿದ ಹಂದಿಯನ್ನು ಚಳಿಗಾಲವಿಡೀ ಮನೆಯ ಧಾನ್ಯ ಹಾಕಿ ಸಾಕಿದರೆ ಹಂದಿಯೂ ಇಳಿಯುತ್ತದೆ, ಕಣಜವೂ ಇಳಿಯುತ್ತದೆ. ಹಾಗಾಗಿ ಅದಕ್ಕೆ ಆಗಲೇ ಕತ್ತಿ. 8ನೇ ಶತಮಾನದ ಇಂಗ್ಲಿಷ್ ಸನ್ಯಾಸಿ ಬೀಡ್, ತನ್ನ ಜನ ಹಿಂದೆ ನವೆಂಬರನ್ನು ಬಲಿಯ ತಿಂಗಳು ಎನ್ನುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನವೆಂಬರ್ 11 ಸಂತ ಮಾರ್ಟಿನ್ನನ ಹಬ್ಬ. 'ಪ್ರತಿ ಹಂದಿಗೂ ಅದರ ಸಂತ ಮಾರ್ಟಿನ್ ಬಂದೇ ಬರುತ್ತಾನೆ' ಎಂದು ಸ್ಪೇನಿನಲ್ಲಿ ಗಾದೆ. ನಾವು 'ಮಾಡಿದ್ದುಣ್ಣೋ ಮಹಾರಾಯ' ಅನ್ನುವ ಜಾಗದಲ್ಲಿ ಅವರು ಅದನ್ನು ಹೇಳುತ್ತಾರೆ.

ಚಳಿಯೇ ಅವರ ಬಿಸಿಲು. ಹಂದಿಯ ಇಡೀ ತೊಡೆಗೆ ಉಪ್ಪು ಹಚ್ಚಿದರೆ ಅದು ಮೂಳೆಯ ತನಕ ಇಳಿಯಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಒಳಗಿನ ಮಾಂಸ ಕೊಳೆಯಬಾರದೆಂದರೆ ಹೊರಗೆ ಥಂಡಿ ಇರಲೇಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಆ ಥಂಡಿ ಸಿಗುತ್ತಿದ್ದದ್ದು ಎಲೆ ಉದುರಿದ ಮೇಲೆ ಮಾತ್ರ. ತೊಡೆ ಉಪ್ಪಿಗೆ ಹೋದರೆ, ಇಡಲಾಗದ ಈಲಿ, ಕರುಳು, ಚೂರುಪಾರು ಆ ವಾರವೇ ಪಾಟೇ (ಅರೆದು ಬೇಯಿಸಿದ್ದು), ಸಾಸೇಜ್ (ಕರುಳಿಗೆ ತುಂಬಿದ್ದು) ಆಗುತ್ತಿತ್ತು. ಈ ವ್ಯತ್ಯಾಸ ಮರೆಯಬಾರದು: ಶರತ್ಕಾಲದ ಹಲಗೆಯ ಮೇಲಿನ ಹ್ಯಾಮ್, ಅಂದರೆ ಆ ಉಪ್ಪಿಟ್ಟ ತೊಡೆ, ಈ ಶರತ್ಕಾಲದ್ದಲ್ಲ. ಇಟಲಿಯ ಪಾರ್ಮಾ ಹ್ಯಾಮ್ ಕನಿಷ್ಠ 14 ತಿಂಗಳು ತೂಗಿರಬೇಕು. ಓಕ್ ಕಾಯಿ ತಿಂದ ಹಂದಿಯ ಹ್ಯಾಮ್, ಸ್ಪೇನಿನ ಬೆಯೋತಾ ಜಮೋನ್, ಎರಡು ಮೂರು ವರ್ಷ. ಇವತ್ತು ಬಾಯಲ್ಲಿ ಕರಗುವ ಕೊಬ್ಬು ಯಾವುದೋ ಹಳೆಯ ಅಕ್ಟೋಬರಿನಲ್ಲಿ ಉದುರಿದ ಓಕ್ ಕಾಯಿ.

ಚೀಸಿನ ಕಥೆಯೂ ಇದೇ ದಿಕ್ಕಿನದು. ಬೇಸಿಗೆಯಲ್ಲಿ ಆಲ್ಪ್ಸ್ ಬೆಟ್ಟ ಹತ್ತಿ ಮೇಯುವ ಹಸುಗಳು ಶರತ್ಕಾಲದಲ್ಲಿ ಕೊಂಬಿಗೆ ಹೂ ಕಟ್ಟಿಸಿಕೊಂಡು ಇಳಿಯುತ್ತವೆ. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸಲು ನಿಲ್ಲಿಸಿದ ನಮ್ಮ ರಾಸುಗಳ ಹಾಗೇ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಲೆಟಿವಾ ಚೀಸನ್ನು ಮೇ 10ರಿಂದ ಅಕ್ಟೋಬರ್ 10ರ ಒಳಗೆ, ಬೆಟ್ಟದ ಮೇಲೇ, ಸೌದೆ ಒಲೆಯ ಮೇಲಿನ ತಾಮ್ರದ ಕೊಪ್ಪರಿಗೆಯಲ್ಲಿ ಮಾಡಬೇಕೆಂದು ನಿಯಮ. ಫ್ರಾನ್ಸಿನ ಕೊಂತೆ ಚೀಸಿನ ಒಂದು ಗಾಲಿಗೆ ಸುಮಾರು 400 ಲೀಟರ್ ಹಾಲು ಬೇಕು. ಚಳಿ ಬಿದ್ದು ಹಾಲು ಇಳಿದಾಗ ಅಷ್ಟು ಕೂಡುವುದಿಲ್ಲ. ಆಗ ಅದೇ ಹಾಲಿನಲ್ಲಿ ಸಣ್ಣ, ಮೆತ್ತನೆಯ ಚೀಸ್ ಮಾಡಿ ಸ್ಪ್ರೂಸ್ ಮರದ ತೊಗಟೆ ಸುತ್ತಿ ಇಡುತ್ತಿದ್ದರು. ಮೋಂಡೋರ್ ಎಂಬ ಆ ಚೀಸ್ ಇವತ್ತಿಗೂ ಆಗಸ್ಟ್ 15ರ ಮೇಲೆಯೇ ಶುರುವಾಗುವುದು. ಹಸಿ ಹಾಲಿನ ಚೀಸಾದರೆ 60 ದಿನ ಹಳೆಯದಾಗಿರಬೇಕೆಂಬ ಅಮೆರಿಕದ ಕಾನೂನಿನಿಂದಾಗಿ ಅದು ಬಾಸ್ಟನ್ನಿಗೆ ಬರುವುದಿಲ್ಲ. ಬೇಸರವಿಲ್ಲ, ಪಕ್ಕದ ವರ್ಮಾಂಟ್ ರಾಜ್ಯದಲ್ಲಿ ಅದೇ ಬಗೆಯಲ್ಲಿ ತೊಗಟೆ ಸುತ್ತಿದ ಹಾರ್ಬಿಸನ್ ಎಂಬ ಚೀಸ್ ಸಿಗುತ್ತದೆ. ಮೇಲಿನ ಸಿಪ್ಪೆ ಕೊಯ್ದರೆ ಒಳಗೆ ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ.

ಇದಕ್ಕೆ ಆ ತಿಂಗಳ ಸೇಬು, ಪೇರು (ಸೀಬೆಯಲ್ಲ, ಪಿಯರ್), ದ್ರಾಕ್ಷಿ, ಆಗಷ್ಟೇ ಕೊಡವಿದ ಅಕ್ರೋಟು ಸೇರಿಸಿ. ಮನೆಯ ಉಗ್ರಾಣ ವರ್ಷದಲ್ಲಿ ಅತ್ಯಂತ ತುಂಬಿರುವ ಹೊತ್ತು ಅದು. ಹಲಗೆ ಎಂದರೆ ಆ ಉಗ್ರಾಣವನ್ನು ಅತಿಥಿಗಳ ಮುಂದೆ ತೆರೆದು ತೋರಿಸುವುದು, ಅಷ್ಟೇ.

ಶಾಲೆಯಲ್ಲಿ ನಾವು ಇದನ್ನು ಶರದೃತು ಎಂದು ಕಲಿತೆವು. ತಿಂಗಳ ಲೆಕ್ಕ ಹೆಚ್ಚುಕಡಿಮೆ ಸರಿಯೇ, ಆಶ್ವಯುಜ, ಕಾರ್ತಿಕ. ಆದರೆ ನಮ್ಮ ಶರತ್ತಿನಲ್ಲಿ ಮಳೆ ನಿಂತು ಆಕಾಶ ತಿಳಿಯಾಗುತ್ತದೆ, ಬೆಳದಿಂಗಳು ಬೆಳ್ಳಗಾಗುತ್ತದೆ. ಎಲೆ ಉದುರುವುದು ಶಿಶಿರಕ್ಕೆ. ಬೆಂಗಳೂರಿನ ಸೆಖೆಯಲ್ಲಿ ಪ್ಲಾಸ್ಟಿಕ್ ಮೇಪಲ್ ಎಲೆ ಹರಡಿದ ಹಲಗೆಯ ಫೋಟೋ ಬಂದಾಗ ನನಗೆ ನಗು ತಡೆಯಲಾಗುವುದಿಲ್ಲ.

ಉಪ್ಪು ಏನು ಮಾಡುತ್ತದೆ

ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಮೊದಲೇ ಹಾಕಿದರೆ ಬಡಿಸುವ ಹೊತ್ತಿಗೆ ಬಟ್ಟಲಲ್ಲಿ ನೀರು ನಿಂತಿರುತ್ತದಲ್ಲ, ಹಂದಿಯ ತೊಡೆಗೆ ಉಪ್ಪು ಹಚ್ಚಿದಾಗ ಆಗುವುದೂ ಅದೇ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಒಳಗೆ ಉಳಿದ ನೀರನ್ನೂ ಉಪ್ಪು ಹಿಡಿದುಕೊಂಡಿರುವುದರಿಂದ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅದು ಎಟುಕುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗುಹಾಕಿದರೆ ಇನ್ನಷ್ಟು ನೀರು ಹೋಗಿ, ಮಾಂಸದೊಳಗಿನ ಕಿಣ್ವಗಳು ಪ್ರೋಟೀನನ್ನು ಒಡೆಯುತ್ತ ಹೋಗಿ, ಆ ಸಿಹಿ ಬೆರೆತ ಗಾಢ ರುಚಿ ಹುಟ್ಟುತ್ತದೆ. ಪಾರ್ಮಾ ಹ್ಯಾಮಿಗೆ ಹಂದಿಮಾಂಸ ಮತ್ತು ಉಪ್ಪು ಬಿಟ್ಟು ಇನ್ನೇನೂ ಹಾಕುವಂತಿಲ್ಲ. ಅದರಲ್ಲೊಂದು ಚೆಂದದ ಸುತ್ತು ಇದೆ: ಅದೇ ಪ್ರದೇಶದಲ್ಲಿ ಪಾರ್ಮೆಜಾನ್ ಚೀಸ್ ಮಾಡಿ ಉಳಿದ ಹಾಲೊಡೆದ ನೀರನ್ನು ಆ ಹಂದಿಗಳಿಗೆ ಕುಡಿಸುತ್ತಾರೆ. ಹಲಗೆಯ ಮೇಲೆ ಅವೆರಡೂ ಅಕ್ಕಪಕ್ಕ ಕೂತರೆ ಒಗ್ಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅಂಗಡಿಯಲ್ಲಿ ಹೆಸರುಗಳ ಕಾಡು ಕಂಡು ಹೆದರಬೇಡ, ಮೂರು ಜಾತಿ ನೆನಪಿಟ್ಟುಕೋ ಎಂದು ತಂಗಿಗೆ ಹೇಳಿದೆ. ಒಂದು, ಇಡೀ ತುಂಡನ್ನೇ ಉಪ್ಪಿಟ್ಟು ಒಣಗಿಸಿದ್ದು: ಪ್ರೊಶೂಟೊ, ಜಮೋನ್, ಕೊಪ್ಪಾ. ಎರಡು, ಕೊಚ್ಚಿ ಕರುಳಿಗೆ ತುಂಬಿ ಹುಳಿ ಬರಿಸಿ ಒಣಗಿಸಿದ್ದು: ಸಲಾಮಿ, ಚೊರೀಸೊ. ಮೂರು, ಬೇಯಿಸಿದ್ದು: ಪಾಟೇ, ಮೊರ್ತಡೆಲ್ಲಾ. ಮೂರರಿಂದ ಒಂದೊಂದು ತೆಗೆದುಕೊಂಡರೆ ಒಂದು ತೆಳ್ಳಗೆ ಕರಗುತ್ತದೆ, ಒಂದು ಅಗಿಯಲು ಸಿಗುತ್ತದೆ, ಒಂದು ಬ್ರೆಡ್ಡಿಗೆ ಸವರಲು ಬರುತ್ತದೆ. ಐದು ಬಗೆಯ ಸಲಾಮಿ ತಂದು ಸುರಿಯುವುದಕ್ಕಿಂತ ಇದು ವಾಸಿ.

ಎರಡನೆಯ ಜಾತಿ ನಮಗೆ ಹೊಸದೇನಲ್ಲ. ಇಡ್ಲಿ ಹಿಟ್ಟನ್ನು ರಾತ್ರಿಯೆಲ್ಲ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಸಲಾಮಿಯೊಳಗೂ ಕೆಲಸ ಮಾಡುತ್ತದೆ. ಆ ಹುಳಿಯೇ ಅದನ್ನು ಕಾಯುತ್ತದೆ. ಮೇಲಿನ ಬಿಳಿ ಪುಡಿ ಕೆಟ್ಟ ಬೂಷ್ಟಲ್ಲ, ಬೇಕೆಂದೇ ಬೆಳೆಸಿದ್ದು. ಕೊಚ್ಚಿದ ಮಾಂಸದಲ್ಲಿ ಒಂದು ದೊಡ್ಡ ಅಪಾಯವಿದೆ. ಗಾಳಿಯಾಡದ ಕರುಳಿನೊಳಗೆ ಬಾಟ್ಯುಲಿಸಮ್ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಆ ರೋಗದ ಹೆಸರೇ ಸಾಸೇಜ್ ಎನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಅದನ್ನು ತಡೆಯಲು ಹಿಂದೆ ಪೆಟ್ಲುಪ್ಪು ಹಾಕುತ್ತಿದ್ದರು, ಈಗ ಅಳೆದ ನೈಟ್ರೈಟ್. ಸಲಾಮಿ ಬೂದಿ ಬಣ್ಣಕ್ಕೆ ತಿರುಗದೆ ಗುಲಾಬಿಯಾಗೇ ಉಳಿಯುವುದೂ ಅದರಿಂದಲೇ. ಆದ್ದರಿಂದ ವಿಡಿಯೋ ನೋಡಿ ಮನೆಯಲ್ಲೇ ಸಲಾಮಿ ಕಟ್ಟುವ ಸಾಹಸ ಬೇಡ, ಅಂಗಡಿಯಿಂದ ತನ್ನಿ.

ಮುಚ್ಚಿಡದೆ ಇನ್ನೊಂದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಈ ಬಗೆಯ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದಿತು. ದಿನಾ ತಿಂದರೆ ಎನ್ನುವುದನ್ನು ಗಮನಿಸಿ. ವರ್ಷಕ್ಕೆ ಎರಡು ಸಲ ನಾಲ್ಕು ಚೂರು ತಿನ್ನುವ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿ ಹೆದರಿಸುವ ಅಗತ್ಯವಿಲ್ಲ. ಮಕ್ಕಳ ಡಬ್ಬಿಗೆ ದಿನಾ ಹಾಕುವವರು ಯೋಚಿಸಬೇಕು.

ಬರುವವರು ಯಾರು

ಸಾಮಾನು ಪಟ್ಟಿಗೆ ಮೊದಲು ಇದನ್ನು ಕೇಳಬೇಕು. ತಂಗಿ ಎಣಿಸಿ ಹೇಳಿದಳು: ಎಂಟರಲ್ಲಿ ಇಬ್ಬರು ಸಸ್ಯಾಹಾರಿಗಳು, ಒಬ್ಬ ಹಂದಿ ತಿನ್ನುವುದಿಲ್ಲ, ಒಬ್ಬಳು ಐದು ತಿಂಗಳ ಬಸುರಿ. ಮೇಲೆ ಅದು ನವರಾತ್ರಿಯ ವಾರ, ಮನೆಯಲ್ಲಿ ಗೊಂಬೆ ಕೂರಿಸಿದ್ದಾಳೆ, ಅತ್ತೆ ಊರಿಂದ ಬಂದಿದ್ದಾರೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷ ನಾನು ಚೀಸ್ ಎಂದರೆ ಹಾಲು, ಹಾಲೆಂದರೆ ಸಸ್ಯಾಹಾರ ಎಂದೇ ತಿಳಿದಿದ್ದೆ. ಮನೆಗೆ ಬಂದ ಹಿರಿಯರೊಬ್ಬರಿಗೆ, ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟದವರು ಅವರು, ಪಾರ್ಮೆಜಾನ್ ತುಂಡನ್ನು ಒತ್ತಾಯ ಮಾಡಿ ಬಡಿಸಿದ್ದೇನೆ. ಆಮೇಲೆ ತಿಳಿಯಿತು. ಮೊಸರಿಗೆ ನಾವು ಹೆಪ್ಪು ಹಾಕುತ್ತೇವೆ, ಪನೀರಿಗೆ ನಿಂಬೆಹಣ್ಣು ಹಿಂಡುತ್ತೇವೆ. ಗಟ್ಟಿ ಚೀಸಿನ ಹಾಲನ್ನು ಒಡೆಯುವುದು ರೆನೆಟ್. ಸಾಂಪ್ರದಾಯಿಕ ರೆನೆಟ್ ಬರುವುದು ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ. ನಿಜವಾದ ಪಾರ್ಮೆಜಾನ್, ಸ್ವಿಸ್ ಗ್ರುಯೇರ್, ಕೊಂತೆ ಈ ಮೂರಕ್ಕೂ ಪ್ರಾಣಿಯ ರೆನೆಟ್ಟೇ ಆಗಬೇಕೆಂದು ನಿಯಮವಿದೆ. ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುವ ಚೀಸ್‌ಗಳು ಬೇಕಾದಷ್ಟಿವೆ, ಅಮೆರಿಕದ ಚೆಡ್ಡರ್‌ಗಳಲ್ಲಿ ಹಲವು ಅಂಥವೇ. ಆದರೆ ಲೇಬಲ್ಲಿನ ಮೇಲೆ ಬರೀ ಎನ್‌ಜೈಮ್ಸ್ ಎಂದಿದ್ದರೆ ಯಾವುದೆಂದು ಗೊತ್ತಾಗುವುದಿಲ್ಲ. ವೆಜಿಟೇರಿಯನ್ ಅಥವಾ ಮೈಕ್ರೋಬಿಯಲ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಬೇಕು. ಭಾರತದಲ್ಲಿದ್ದರೆ ಹಸಿರು ಚುಕ್ಕೆ ಈ ತಲೆನೋವನ್ನು ತಪ್ಪಿಸುತ್ತದೆ.

ಹಾಗಾಗಿ ಎರಡು ಹಲಗೆ, ಎರಡು ಮೇಜು. ಒಂದೇ ಹಲಗೆಯ ಅರ್ಧ ಭಾಗ ಮಾಂಸ, ಅರ್ಧ ಭಾಗ ಸಸ್ಯಾಹಾರ ಎನ್ನುವುದು ಕಾಗದದ ಮೇಲೆ ಚೆನ್ನ. ಹತ್ತು ನಿಮಿಷದಲ್ಲಿ ಸಲಾಮಿ ಎತ್ತಿದ ಇಕ್ಕುಳ ದ್ರಾಕ್ಷಿಗೆ ಬಂದಿರುತ್ತದೆ, ಪಾಟೇ ಸವರಿದ ಚಾಕು ಚೆಡ್ಡರಿಗೆ. ಹಣ್ಣು, ಬೀಜ, ಗೊಜ್ಜು ಎಲ್ಲವನ್ನೂ ಸಸ್ಯಾಹಾರಿ ಹಲಗೆಗೇ ಹಾಕಿ ಅದನ್ನೇ ದೊಡ್ಡದು ಮಾಡಿದರೆ ಮಾಂಸ ತಿನ್ನುವವರೂ ಅಲ್ಲಿಗೆ ಬರುತ್ತಾರೆ. ಸಸ್ಯಾಹಾರಿಗಳಿಗೆ ಮೂಲೆಯಲ್ಲಿ ಕೂತ ಭಾವ ಬರುವುದಿಲ್ಲ. ಬಸುರಿಗೆ ತಣ್ಣಗಿನ ಮಾಂಸ ಬೇಡ, ಹಸಿ ಹಾಲಿನ ಮೆತ್ತನೆಯ ಚೀಸೂ ಬೇಡ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ಥಂಡಿಯಲ್ಲೂ ಬೆಳೆಯುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಚೆಡ್ಡರಿನಂಥ ಗಟ್ಟಿ ಚೀಸ್ ತಿನ್ನಬಹುದು. ಬೀಜದ ಅಲರ್ಜಿ ಯಾರಿಗಾದರೂ ಇದೆಯಾ ಎಂದು ಮೊದಲೇ ಕೇಳಿ, ಇದ್ದರೆ ಅಕ್ರೋಟನ್ನು ಹಲಗೆಯ ಮೇಲೆ ಚೆಲ್ಲದೆ ದೂರದ ಬಟ್ಟಲಿನಲ್ಲಿಡಿ.

ನಾಲಗೆಯ ಲೆಕ್ಕ

ಕೊಬ್ಬು ನಾಲಗೆಯ ಮೇಲೆ ಪದರ ಕಟ್ಟುತ್ತದೆ, ಎರಡನೇ ತುತ್ತಿಗೆ ರುಚಿ ಮಂಕಾಗುತ್ತದೆ. ಹುಳಿ ಅದನ್ನು ತೊಳೆಯುತ್ತದೆ. ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮೇಲೆತ್ತುತ್ತದೆ. ಸೀಬೆಕಾಯಿಗೆ ಉಪ್ಪುಕಾರ ಹಚ್ಚಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ ಹಲ್ಲಿಗೆ ಕಟುಂ ಎನ್ನುವ ಏನಾದರೊಂದು ಇರಬೇಕು. ಕೊಬ್ಬು, ಉಪ್ಪು, ಹುಳಿ, ಸಿಹಿ, ಕುರುಕಲು, ಈ ಐದೂ ಹಲಗೆಯ ಯಾವ ಜಾಗದಲ್ಲಿ ನಿಂತರೂ ಕೈಗೆಟುಕುವಂತಿದ್ದರೆ ಕೆಲಸ ಮುಗಿಯಿತು.

ಮ್ಯಾಸಚೂಸೆಟ್ಸ್‌ನ ಅಕ್ಟೋಬರಿನಲ್ಲಿ ಇವಕ್ಕೆ ಬರವಿಲ್ಲ. ಸೇಬುಗಳಲ್ಲಿ ಕಾರ್ಟ್‌ಲ್ಯಾಂಡ್ ತನ್ನಿ, ಕತ್ತರಿಸಿಟ್ಟರೂ ಬೇಗ ಕಂದುವುದಿಲ್ಲ. ತೋಟದ ಮಾರಾಟದಲ್ಲಿ ರಾಕ್ಸ್‌ಬರಿ ರಸೆಟ್ ಕಂಡರೆ ಬಿಡಬೇಡಿ: ಸಿಪ್ಪೆ ಆಲೂಗಡ್ಡೆಯ ಹಾಗೆ ಒರಟು, ಒಳಗೆ ಗಟ್ಟಿ ಹುಳಿಸಿಹಿ. 17ನೇ ಶತಮಾನದಿಂದ ಬೆಳೆಯುತ್ತಿರುವ ತಳಿ, ಈಗ ಬಾಸ್ಟನ್ನಿನ ಭಾಗವಾಗಿರುವ ರಾಕ್ಸ್‌ಬರಿಯ ಹೆಸರನ್ನೇ ಹೊತ್ತಿದೆ. ಹಳೆಯ ಚೆಡ್ಡರಿನ ತುಂಡಿನ ಮೇಲೆ ಅದರ ಹೋಳಿಟ್ಟು ತಿಂದರೆ ಬೇರೆ ಯಾವುದೂ ಬೇಕೆನಿಸುವುದಿಲ್ಲ. ಪೇರು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆ ಒಳಗಿನಿಂದ ಹಣ್ಣಾಗುತ್ತ ಬರುತ್ತದೆ. ಹೊರಗೆ ಮೆತ್ತಗಾಗುವಷ್ಟರಲ್ಲಿ ಒಳಗೆ ಕಳಿತಿರುತ್ತದೆ. ಆದ್ದರಿಂದ ತೊಟ್ಟಿನ ಬುಡವನ್ನು ಮೆಲ್ಲಗೆ ಒತ್ತಿ ನೋಡಿ, ಅಲ್ಲಿ ಬಗ್ಗಿದರೆ ತಿನ್ನುವ ಹದ. ನೀಲಿ ಬೂಷ್ಟಿನ ಚೀಸಿಗೆ ಪೇರಿಗಿಂತ ಒಳ್ಳೆಯ ಜೊತೆಯಿಲ್ಲ. ಪರ್ಸಿಮನ್ ಹಣ್ಣಿನಲ್ಲಿ ಎರಡು ಬಗೆ. ಟೊಮೆಟೊ ಆಕಾರದ ಚಪ್ಪಟೆ ಫೂಯೂ ಗಟ್ಟಿಯಿದ್ದಾಗಲೇ ತಿನ್ನಬಹುದು. ಉದ್ದ ಮೂತಿಯ ಹಚಿಯಾ ಪೂರ್ತಿ ಲೊಳಲೊಳ ಆಗುವ ಮುಂಚೆ ಕಚ್ಚಿದರೆ ಗೇರುಹಣ್ಣಿನ ನಾಲ್ಕರಷ್ಟು ಒಗರು, ಅತಿಥಿಯ ಬಾಯಿ ಅರ್ಧ ಗಂಟೆ ತೆರೆಯುವುದಿಲ್ಲ.

ಕ್ರ್ಯಾನ್‌ಬೆರಿ ಆ ಸೀಮೆಯದ್ದೇ ಹಣ್ಣು. ಕೇಪ್ ಕಾಡ್ ಕಡೆಗೆ ಹೋದರೆ ಕೊಯ್ಲಿಗೆಂದು ನೀರು ತುಂಬಿಸಿದ ಗದ್ದೆಗಳಲ್ಲಿ ಕುಂಕುಮ ಚೆಲ್ಲಿದ ಹಾಗೆ ತೇಲುವುದನ್ನು ನೋಡಬಹುದು. ಹಸಿಯಾಗಿ ಬಾಯಿಗಿಡಲಾಗದಷ್ಟು ಹುಳಿ. ಹುಳಿ ಎಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಬೇರೇನು? ಇಲ್ಲಿನ ಕನ್ನಡದ ಮನೆಗಳಲ್ಲಿ ಅದು ಸಾಸಿವೆ, ಇಂಗು, ಮೆಣಸಿನಪುಡಿ, ಬೆಲ್ಲ ಬಿದ್ದು ಗೊಜ್ಜಾಗಿದೆ, ಉಪ್ಪಿನಕಾಯಿಯಾಗಿದೆ. ಮಾವಿನಕಾಯಿ ಸಿಗದ ದಿನಗಳಲ್ಲಿ ಹಸಿರು ಸೇಬಿನ ಉಪ್ಪಿನಕಾಯಿ ಹಾಕಿದ ಹಾಗೆಯೇ. ಅದನ್ನು ಹಲಗೆಗೆ ಇಡಲು ಸಂಕೋಚ ಬೇಡ. ಚೆಡ್ಡರ್ ಜೊತೆ ಚಟ್ನಿ ತಿನ್ನುವುದು ಬ್ರಿಟನ್ನಿನ ಪಬ್ಬುಗಳಲ್ಲಿ ಮಾಮೂಲು, ಆ ಚಟ್ನಿ ಎಂಬ ಮಾತು ಹೋದದ್ದೇ ನಮ್ಮ ಕಡೆಯಿಂದ. ಇಂಗು ಮಾತ್ರ ಚಿಟಿಕೆಯಲ್ಲಿ ಅರ್ಧ. ಇಲ್ಲವಾದರೆ ಬ್ರೀ ಚೀಸಿನ ಮೆಲುದನಿ ಕೇಳಿಸುವುದಿಲ್ಲ.

ಸಿಹಿಗೆ ಜೇನು, ಅಂಜೂರದ ಜಾಮು ಅಥವಾ ಮೇಪಲ್ ಸಿರಪ್. ಮೇಪಲ್ ಸಿರಪ್ಪನ್ನು ಎಲ್ಲರೂ ಶರತ್ಕಾಲದ್ದು ಎಂದುಕೊಂಡಿದ್ದಾರೆ, ಆ ಕೆಂಪು ಎಲೆಯ ಮಹಿಮೆ. ಮರ ಕೊರೆದು ರಸ ಇಳಿಸುವುದು ಚಳಿಗಾಲ ಮುಗಿಯುವಾಗ, ಫೆಬ್ರುವರಿಯಿಂದ ಏಪ್ರಿಲ್ ಒಳಗೆ. ಸುಮಾರು 40 ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಸಿರಪ್. ಅಕ್ರೋಟನ್ನು ಅದರಲ್ಲಿ ಹೊರಳಿಸಿ ಚಿಟಿಕೆ ಉಪ್ಪು ಹಾಕಿ ಹುರಿದರೆ ನಮ್ಮ ಚಿಕ್ಕಿಯ ದೂರದ ನೆಂಟ.

ಶನಿವಾರದ ಸಂಜೆ

ಊಟಕ್ಕೆ ಮುಂಚಿನ ತಿಂಡಿಯಾದರೆ ತಲೆಗೆ 55ರಿಂದ 60 ಗ್ರಾಂ ಚೀಸ್, ಅಷ್ಟೇ ಮಾಂಸ. ಅದೇ ಊಟವಾದರೆ ಎರಡರಷ್ಟು. ತಂಗಿಯ ಎಂಟು ಜನಕ್ಕೆ ಚೀಸ್ 450 ಗ್ರಾಂ ಸಾಕಾಯಿತು: ಹಳೆಯ ಚೆಡ್ಡರ್, ಮೇಕೆ ಹಾಲಿನದು, ಒಂದು ಬ್ರೀ, ಮೂರೂ ಸಸ್ಯಾಹಾರಿ ರೆನೆಟ್ಟಿನವು. ಮಾಂಸ ತಿನ್ನುವವರು ನಾಲ್ಕೇ ಜನ, 250 ಗ್ರಾಂ. ಮೂರಕ್ಕಿಂತ ಹೆಚ್ಚು ಚೀಸ್ ಇಟ್ಟರೆ ಯಾರಿಗೂ ಯಾವುದರ ರುಚಿಯೂ ನೆನಪಿರುವುದಿಲ್ಲ, ಬಿಲ್ಲು ಮಾತ್ರ ನೆನಪಿರುತ್ತದೆ.

ಆರು ಗಂಟೆಗೆ ಜನ ಬರುವುದಾದರೆ ಐದಕ್ಕೆ ಚೀಸನ್ನು ಫ್ರಿಜ್ಜಿನಿಂದ ತೆಗೆಯಿರಿ. ತಣ್ಣಗಿರುವ ಕೊಬ್ಬು ವಾಸನೆ ಬಿಡುವುದಿಲ್ಲ. ಫ್ರಿಜ್ಜಿನಿಂದ ನೇರವಾಗಿ ಬಂದ ಬ್ರೀ ಸೋಪಿನ ಹಾಗಿರುತ್ತದೆ. ಐದೂವರೆಗೆ ಹಲಗೆ ಜೋಡಿಸಲು ಶುರು. ಮೊದಲು ಬಟ್ಟಲುಗಳು, ಅಂದರೆ ಗೊಜ್ಜು, ಜೇನು, ದಾಳಿಂಬೆ. ದಾಳಿಂಬೆಯನ್ನು ಚೆಲ್ಲಿದರೆ ಬ್ರೀಯೆಲ್ಲ ಕೆಂಪು, ಬಟ್ಟಲಲ್ಲೇ ಇರಲಿ. ಆಮೇಲೆ ಚೀಸ್‌ಗಳು ಒಂದಕ್ಕೊಂದು ದೂರವಾಗಿ, ಒಂದೊಂದಕ್ಕೂ ಅದರದೇ ಚಾಕು. ಮಾಂಸದ ಹಲಗೆಯಲ್ಲಿ ಪ್ರೊಶೂಟೊವನ್ನು ಸೀರೆಯ ನೆರಿಗೆಯಂತೆ ಸಡಿಲವಾಗಿ ಮಡಿಸಿ, ಸಲಾಮಿಯನ್ನು ಎಲೆಯಡಿಕೆ ಬೀಡದ ಹಾಗೆ ನಾಲ್ಕು ಮಡಿಕೆ ಮಾಡಿ, ಎತ್ತಿಕೊಳ್ಳಲು ಸುಲಭ. ಗ್ಲಾಸಿನ ಬಾಯಿಗೆ ಸುತ್ತಿ ಮಾಡುವ ಸಲಾಮಿ ಗುಲಾಬಿ ನನಗೆ ಸೇರುವುದಿಲ್ಲ. ಇಪ್ಪತ್ತು ನಿಮಿಷ ಕೈಯಲ್ಲಿ ಒತ್ತಿ ಬೆಚ್ಚಗಾದ ಮಾಂಸ ಅದು, ಅಂದ ಕೆಡಿಸಬಾರದೆಂದು ಅದನ್ನು ಯಾರೂ ಮುಟ್ಟುವುದೂ ಇಲ್ಲ.

ಅದೇ ಸಂಕೋಚ ಇಡೀ ಚೀಸಿಗೂ ಇದೆ. ದುಂಡನೆಯ ಬ್ರೀಯನ್ನು ಮೊದಲು ಕತ್ತರಿಸುವ ಧೈರ್ಯ ಯಾವ ಅತಿಥಿಗೂ ಇರುವುದಿಲ್ಲ. ನೀವೇ ಒಂದು ತುಂಡು ಕೊಯ್ದು ಸ್ವಲ್ಪ ಹೊರಗೆಳೆದಿಡಿ. ಗಟ್ಟಿ ಚೆಡ್ಡರನ್ನು ಅರ್ಧ ಒಡೆದು ಚೂರು ಮಾಡಿ, ಅರ್ಧ ಹಾಗೇ ಬಿಡಿ. ಬ್ರೆಡ್ಡು, ಬಿಸ್ಕತ್ತು ಒದ್ದೆ ಹಣ್ಣಿನಿಂದ ದೂರ. ಸೇಬು, ಪೇರುಗಳನ್ನು ಕೊನೆಗೆ, ಆರಕ್ಕೆ ಹತ್ತು ನಿಮಿಷವಿರುವಾಗ ಕತ್ತರಿಸಿ. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಹೋಳುಗಳನ್ನು ಕೆಲವು ನಿಮಿಷ ಮುಳುಗಿಸಿ ತೆಗೆದರೆ ಕಂದುವುದು ನಿಧಾನವಾಗುತ್ತದೆ. ಬದನೆಕಾಯಿ ಕಪ್ಪಾಗದಿರಲಿ ಎಂದು ನೀರಿಗೆ ಹಾಕುತ್ತೇವಲ್ಲ, ಅದೇ. ಉಳಿದ ಸಂದುಗಳಿಗೆ ಅಕ್ರೋಟು, ದ್ರಾಕ್ಷಿ.

ಅಲಂಕಾರಕ್ಕೆ ತಿನ್ನಬಹುದಾದದ್ದನ್ನೇ ಇಡಿ: ರೋಸ್‌ಮರಿ, ಸೇಜ್ ಕಡ್ಡಿಗಳು ಸಾಕು. ಅಂಗಳದಲ್ಲಿ ಬಿದ್ದ ಎಲೆಯ ಮೇಲೆ ಏನು ಸಿಂಪಡಿಸಿದ್ದಾರೋ, ಯಾವ ಹಕ್ಕಿ ಕೂತಿತ್ತೋ. ಅಂಗಡಿಯಲ್ಲಿ ಮಾರುವ ಬಣ್ಣಬಣ್ಣದ ಚಿಕ್ಕ ಅಲಂಕಾರದ ಸೋರೆಗಳೂ ಹಲಗೆಯ ಮೇಲೆ ಬೇಡ. ಕಹಿಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಅವುಗಳಲ್ಲಿ ಹಲವಕ್ಕೂ ಇದೆ, ವಾರ್ನಿಷ್ ಬಳಿದಿರುವುದೂ ಉಂಟು. ಹಲಗೆಯಿಂದಾಚೆ ಮೇಜಿನ ಮೇಲೆ ಇಟ್ಟರೆ ಕಣ್ಣಿಗೂ ಆಯಿತು.

ಕುಡಿಯಲು ತೋಟದ ಸೇಬಿನ ಸೈಡರ್, ಸೋಸದ ಮಬ್ಬು ರಸ, ಬೆಚ್ಚಗೆ ಮಾಡಿ ಚಕ್ಕೆ ಲವಂಗ ಹಾಕಿ. ಅಮೆರಿಕದಲ್ಲಿ ಬರೀ ಸೈಡರ್ ಎಂದರೆ ಮದ್ಯವಿಲ್ಲದ್ದು, ಹಾರ್ಡ್ ಸೈಡರ್ ಎಂದರೆ ಇರುವುದು. ಅತ್ತೆಯ ಲೋಟಕ್ಕೆ ಯಾವುದು ಬಿತ್ತು ಎಂದು ನೋಡಿಕೊಳ್ಳಿ.

ಗಡಿಯಾರವನ್ನೂ ನೋಡಿಕೊಳ್ಳಿ. ಕೆಡುವ ಪದಾರ್ಥ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎನ್ನುವುದು ಇಲ್ಲಿನ ಸರ್ಕಾರಿ ಲೆಕ್ಕ. 32 ಡಿಗ್ರಿ ದಾಟಿದ ಸೆಖೆಯಲ್ಲಿ ಒಂದೇ ಗಂಟೆ, ಇದು ಬೆಂಗಳೂರಿನ ಏಪ್ರಿಲಿನಲ್ಲಿ ಮಾಡುವವರಿಗೆ. ಎಲ್ಲವನ್ನೂ ಒಮ್ಮೆಗೇ ಹರವದೆ ಮಾಂಸದಲ್ಲಿ ಅರ್ಧ ಫ್ರಿಜ್ಜಿನಲ್ಲಿಟ್ಟುಕೊಂಡು, ಬಡಿಸುವಾಗ ಪಲ್ಯದ ಎರಡನೇ ಸುತ್ತು ಬರುತ್ತದಲ್ಲ ಹಾಗೆ ತಂದರೆ ಕೊನೆಯಲ್ಲಿ ಬರುವವರಿಗೂ ಹಲಗೆ ಹಾಳು ಬಿದ್ದಂತೆ ಕಾಣುವುದಿಲ್ಲ.

ರಾತ್ರಿ ಹತ್ತೂವರೆಗೆ ತಂಗಿಯ ಮೆಸೇಜು ಬಂತು. ಕ್ರ್ಯಾನ್‌ಬೆರಿ ಗೊಜ್ಜಿನ ಬಟ್ಟಲು ಮೊದಲು ಖಾಲಿಯಾಯಿತಂತೆ, ಇಬ್ಬರು ಮಾಡುವ ವಿಧಾನ ಬರೆಸಿಕೊಂಡರಂತೆ. ಎರಡು ಗಂಟೆ ದಾಟಿದ ಸಲಾಮಿ ನಾಲ್ಕು ಚೂರು ಕಸಕ್ಕೆ, ಚೆಡ್ಡರ್ ಕಾಗದದಲ್ಲಿ ಸುತ್ತಿ ಫ್ರಿಜ್ಜಿಗೆ, ಉಳಿದ ಸೇಬಿನ ಹೋಳುಗಳಿಗೆ ಅತ್ತೆ ಆಗಲೇ ಉಪ್ಪು, ಮೆಣಸಿನಪುಡಿ ಹಾಕಿ ಒಗ್ಗರಣೆಗೆ ಸೌಟು ಇಟ್ಟಿದ್ದರಂತೆ.